ಅಧಿಕಮಾಸ ಎಲ್ಲಿದೆ?

ಇಂಗ್ಲೆಂಡಿನ ಸಾಲಿಸ್ಬರಿ ಬಯಲಿನಲ್ಲಿರುವ ಸ್ಟೋನ್‌ಹೆಂಜ್ ಒಂದು ಸೌರ ಪಂಚಾಂಗ ಎಂದು ಪುರಾತತ್ತ್ವಜ್ಞ ಟಿಮೊತಿ ಡಾರ್ವಿಲ್ 2022ರಲ್ಲಿ ‘ಆಂಟಿಕ್ವಿಟಿ’ ಪತ್ರಿಕೆಯಲ್ಲಿ ವಾದಿಸಿದರು. ಕೇಳಲು ಅವರ ಲೆಕ್ಕ ಸೊಗಸಾಗಿದೆ. ಹೊರವೃತ್ತದ ಕಂಬಗಲ್ಲುಗಳು 30, ಹಾಗಾಗಿ ತಿಂಗಳಿಗೆ 30 ದಿನ. ಹನ್ನೆರಡು ತಿಂಗಳಿಗೆ 360. ಒಳಗಡೆ ಲಾಳದ ಆಕಾರದಲ್ಲಿ ಐದು ಕಲ್ಲುಬಾಗಿಲುಗಳಿವೆ, ಎರಡು ಕಂಬದ ಮೇಲೆ ಒಂದು ತೊಲೆ ಹೊತ್ತವು. ಅವು ವರ್ಷದ ಕೊನೆಗೆ ಸೇರುವ ಐದು ದಿನ. ಆವರಣದ ಅಂಚಿನ ನಾಲ್ಕು ಕಲ್ಲುಗಳು ನಾಲ್ಕು ವರ್ಷಕ್ಕೊಮ್ಮೆ ಒಂದು ದಿನ ಹೆಚ್ಚಿಸಬೇಕೆಂಬುದರ ಗುರುತು. ಒಟ್ಟು 365 ಕಾಲು ದಿನ. ಜಗತ್ತಿನ ಪತ್ರಿಕೆಗಳೆಲ್ಲ ಇದನ್ನು ಸಂಭ್ರಮದಿಂದ ಅಚ್ಚು ಹಾಕಿದವು.

ಮರುವರ್ಷ ಅದೇ ಪತ್ರಿಕೆಯಲ್ಲಿ ಜೂಲಿಯೊ ಮಾಗ್ಲಿ ಮತ್ತು ಹ್ವಾನ್ ಅಂಟೋನಿಯೊ ಬೆಲ್ಮೊಂಟೆ ಎಂಬ ಇಬ್ಬರು ಪುರಾತನ ಖಗೋಳದ ತಜ್ಞರು ಉತ್ತರ ಬರೆದರು. ಅವರ ಆಕ್ಷೇಪ ಸರಳವಾದದ್ದು, ಆದರೆ ತಪ್ಪಿಸಿಕೊಳ್ಳಲಾಗದ್ದು. 30 ಇದೆ, 5 ಇದೆ, ಸರಿ. ಇವೆರಡನ್ನು ವರ್ಷವಾಗಿಸುವ 12 ಎಂಬ ಸಂಖ್ಯೆ ಆ ಕಲ್ಲುಗಳಲ್ಲಿ ಎಲ್ಲಿದೆ? ಬೇಕಾದ ಸಂಖ್ಯೆಗಳನ್ನು ಆರಿಸಿಕೊಂಡು ಬೇಡದವನ್ನು ಬಿಟ್ಟರೆ ಯಾವ ಕಟ್ಟಡದಿಂದ ಏನನ್ನು ಬೇಕಾದರೂ ಹೊರಡಿಸಬಹುದು. ಇನ್ನೊಂದು ಮಾತು. ಅಯನದ, ಅಂದರೆ ಅತಿ ದೀರ್ಘ ಅಥವಾ ಅತಿ ಚಿಕ್ಕ ಹಗಲಿನ, ಆಸುಪಾಸಿನಲ್ಲಿ ಸೂರ್ಯ ಹುಟ್ಟುವ ಜಾಗ ದಿನದಿಂದ ದಿನಕ್ಕೆ ಎಷ್ಟು ಕಡಿಮೆ ಸರಿಯುತ್ತದೆಂದರೆ, ಮೂರು ನಾಲ್ಕು ದಿನಗಳ ವ್ಯತ್ಯಾಸವನ್ನು ಬರಿಗಣ್ಣಿನಲ್ಲಿ ಹಿಡಿಯುವುದೇ ಕಷ್ಟ. ಅಂಥ ದೊಡ್ಡ ಕಲ್ಲುಗಳ ಸಂದಿಯಲ್ಲಿ ನೋಡಿ ವರ್ಷಕ್ಕೆ ಕಾಲು ದಿನದ ಹೆಚ್ಚುವರಿಯನ್ನು ಕಂಡುಕೊಂಡರು ಎನ್ನುವುದು ನಿಲ್ಲುವ ಮಾತಲ್ಲ.

ನಾನು ಮಾಗ್ಲಿ ಮತ್ತು ಬೆಲ್ಮೊಂಟೆಯವರ ಪಕ್ಷ. ಪ್ರಾಚೀನರ ಮೇಲೆ ನನಗೆ ಗೌರವ ಕಡಿಮೆ ಎಂದಲ್ಲ. ನಮ್ಮ ಗೋಡೆಯ ಕ್ಯಾಲೆಂಡರನ್ನು ಅವರ ತಲೆಗೆ ಕಟ್ಟಿ, ‘ನೋಡಿ, ಅವರೂ ನಮ್ಮಂತೆಯೇ ಜಾಣರು’ ಎಂದು ಬೆನ್ನು ತಟ್ಟುವುದು ಗೌರವವಲ್ಲ ಎಂಬ ಕಾರಣಕ್ಕೆ. ಅವರಿಗೆ ನಿಜವಾಗಿ ಏನು ತಿಳಿದಿತ್ತು ಎಂದು ಕೇಳುವುದು ಗೌರವ. ಆ ಪ್ರಶ್ನೆಗೆ ಉತ್ತರ ಸಿಗುವ ಕಡೆ ಬೆರಗಿಗೆ ಏನೂ ಕೊರತೆಯಿಲ್ಲ.

ಸ್ಟೋನ್‌ಹೆಂಜ್‌ನ ಮೇಲೆ ಪ್ರತಿಯೊಂದು ಕಾಲವೂ ತನ್ನ ಬಯಕೆಯನ್ನು ಹೊರಿಸಿದೆ. 1740ರಲ್ಲಿ ವಿಲಿಯಂ ಸ್ಟೂಕ್ಲಿ ಅದನ್ನು ಡ್ರುಯಿಡ್ ಎಂಬ ಕೆಲ್ಟಿಕ್ ಪುರೋಹಿತರ ದೇವಾಲಯ ಎಂದು ಸಾರಿ ಪುಸ್ತಕ ಬರೆದ. ಸ್ಮಾರಕದ ಅಕ್ಷ ಅಯನದ ಸೂರ್ಯೋದಯಕ್ಕೆ ನೇರವಾಗಿರುವುದನ್ನು ಮೊದಲು ಗಮನಿಸಿದವರಲ್ಲಿ ಅವನೂ ಒಬ್ಬ, ಆ ಶ್ರೇಯ ಅವನಿಗೆ ಸಲ್ಲಬೇಕು. ಆದರೆ ಡ್ರುಯಿಡರ ಬಗ್ಗೆ ನಮಗಿರುವ ಬರಹದ ಸಾಕ್ಷ್ಯ ಕ್ರಿಸ್ತಶಕದ ಹಿಂದುಮುಂದಿನ ಶತಮಾನಗಳದ್ದು, ದೊಡ್ಡ ಕಲ್ಲುಗಳು ಎದ್ದದ್ದು ಕ್ರಿ.ಪೂ. 2500ರ ಸುಮಾರಿಗೆ. ನಡುವೆ ಎರಡು ಸಾವಿರ ವರ್ಷಗಳ ಕಂದರವಿದೆ. 1960ರ ದಶಕ ಕಂಪ್ಯೂಟರಿನ ಕಾಲ; ಖಗೋಳವಿಜ್ಞಾನಿ ಜೆರಾಲ್ಡ್ ಹಾಕಿನ್ಸ್ ಐಬಿಎಂ ಯಂತ್ರದಲ್ಲಿ ಲೆಕ್ಕ ಹಾಕಿ, ಸುತ್ತಲಿನ 56 ಗುಂಡಿಗಳು ಗ್ರಹಣ ಹೇಳುವ ಗಣಕಯಂತ್ರ ಎಂದರು. ಅಲ್ಲಿಯೇ ಅಗೆದು ನೋಡಿದ್ದ ರಿಚರ್ಡ್ ಅಟ್ಕಿನ್ಸನ್ 1966ರಲ್ಲಿ ಅದನ್ನು ಬಿಡಿಬಿಡಿಯಾಗಿ ಖಂಡಿಸಿದರು. ಆ ಗುಂಡಿಗಳಲ್ಲಿ ಅನೇಕದರಲ್ಲಿ ಸಿಕ್ಕದ್ದು ಸುಟ್ಟ ಮನುಷ್ಯರ ಮೂಳೆ.

ಹಾಗಾದರೆ ಗಟ್ಟಿಯಾಗಿ ಹೇಳಬಹುದಾದದ್ದು ಏನು? ಸ್ಮಾರಕದ ಅಕ್ಷ ಒಂದು ತುದಿಯಲ್ಲಿ ಬೇಸಿಗೆಯ ಅತಿ ದೀರ್ಘ ಹಗಲಿನ ಸೂರ್ಯೋದಯಕ್ಕೆ, ಇನ್ನೊಂದು ತುದಿಯಲ್ಲಿ ಚಳಿಗಾಲದ ಅತಿ ಚಿಕ್ಕ ಹಗಲಿನ ಸೂರ್ಯಾಸ್ತಕ್ಕೆ ನೇರ. ಮೂರು ಕಿಲೋಮೀಟರ್ ದೂರದ ಡರಿಂಗ್ಟನ್ ವಾಲ್ಸ್ ಎಂಬ ಹಳೆಯ ವಸತಿಯ ತಿಪ್ಪೆಯಲ್ಲಿ ಹಂದಿಗಳ ಮೂಳೆ ರಾಶಿರಾಶಿಯಾಗಿ ಸಿಕ್ಕಿದೆ. ಹಲ್ಲು ನೋಡಿ ವಯಸ್ಸು ಕಟ್ಟಿದಾಗ ಅವುಗಳಲ್ಲಿ ಬಹಳಷ್ಟನ್ನು ಒಂಬತ್ತು ತಿಂಗಳಿಗೆ ಕಡಿದಿದ್ದು ಗೊತ್ತಾಯಿತು. ವಸಂತದಲ್ಲಿ ಹುಟ್ಟಿದ ಮರಿಗೆ ಒಂಬತ್ತು ತಿಂಗಳಾಗುವುದು ನಡುಚಳಿಗಾಲದಲ್ಲಿ. ಅಂದರೆ ಜನ ಚಳಿಗಾಲದ ಆ ದಿನಗಳಿಗೆಂದೇ ಹಿಂಡು ಹೊಡೆದುಕೊಂಡು ಬಂದು ಉಂಡು ಹಬ್ಬ ಮಾಡಿದ್ದಾರೆ. ಕಲ್ಲುಗಳ ಪ್ರಯಾಣ ಇನ್ನೂ ದೊಡ್ಡದು. ದೊಡ್ಡ ಕಂಬಗಳು 25 ಕಿಲೋಮೀಟರ್ ದೂರದ ವೆಸ್ಟ್ ವುಡ್ಸ್‌ನಿಂದ ಬಂದವೆಂದು 2020ರಲ್ಲಿ ಗೊತ್ತಾಯಿತು. ನೀಲಿಗಲ್ಲುಗಳು ವೇಲ್ಸ್‌ನ ಪ್ರೆಸೆಲಿ ಬೆಟ್ಟಗಳವು. ನಡುವೆ ಮಲಗಿರುವ ಆರು ಟನ್ನಿನ ‘ಬಲಿಪೀಠದ ಕಲ್ಲು’ ಈಶಾನ್ಯ ಸ್ಕಾಟ್ಲೆಂಡಿನಿಂದ, ಸುಮಾರು 750 ಕಿಲೋಮೀಟರ್ ದೂರದಿಂದ ಬಂದದ್ದೆಂದು 2024ರಲ್ಲಿ ತಿಳಿಯಿತು. ಕಂಬದ ತಲೆಯಲ್ಲಿ ಗುಬಟು ಬಿಟ್ಟು, ತೊಲೆಯಲ್ಲಿ ಅದಕ್ಕೆ ಹೊಂದುವ ಕುಳಿ ತೋಡಿ, ಮರಗೆಲಸದ ರೀತಿಯಲ್ಲಿ ಕಲ್ಲನ್ನು ಕೂರಿಸಿದ್ದಾರೆ. ಸೂರ್ಯ ಹಿಂದಿರುಗುವ ದಿನಕ್ಕೆ ಇಡೀ ದ್ವೀಪವನ್ನು ಒಂದೆಡೆ ಸೇರಿಸಿದ ಜನ ಇವರು. ಇದಕ್ಕಿಂತ 365 ಕಾಲು ಎಂಬ ಸಂಖ್ಯೆ ಹೆಚ್ಚಿನದು ಎಂದು ನನಗೆ ಅನ್ನಿಸುವುದಿಲ್ಲ.

ಆದರೆ ಒಂದು ದಿನವನ್ನು ಗುರುತಿಸುವುದು ಬೇರೆ, ವರ್ಷವನ್ನು ನಡೆಸುವುದು ಬೇರೆ. ಪಂಚಾಂಗ ಎನ್ನುವ ಹೆಸರಿಗೆ ಅರ್ಹವಾಗಬೇಕಾದರೆ ಅದು ಚಂದ್ರ ಸೂರ್ಯರ ಜಗಳವನ್ನು ಬಗೆಹರಿಸಿರಬೇಕು. ಹನ್ನೆರಡು ಚಾಂದ್ರಮಾಸ ಸೇರಿದರೆ 354 ದಿನ. ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಕಡಿಮೆ. ಬಿಟ್ಟರೆ ಮೂರು ವರ್ಷದಲ್ಲಿ ಹಬ್ಬಗಳು ಒಂದು ತಿಂಗಳಿಗಿಂತ ಹೆಚ್ಚು ಹಿಂದಕ್ಕೆ ಜಾರುತ್ತವೆ. ಆದ್ದರಿಂದ ಆಗಾಗ ಒಂದು ತಿಂಗಳು ಸೇರಿಸಲೇಬೇಕು. ಯಾವುದೇ ಹಳೆಯ ವಸ್ತುವನ್ನು ತೋರಿಸಿ ಇದು ಪಂಚಾಂಗ ಎಂದವರನ್ನು ನಾನು ಕೇಳುವ ಮೊದಲ ಪ್ರಶ್ನೆ ಇದೇ: ಅಧಿಕಮಾಸ ಎಲ್ಲಿದೆ? ತಪ್ಪು ಬೀಳುತ್ತದೆಂದು ಗೊತ್ತಿದ್ದು, ಅದನ್ನು ತಿದ್ದುವ ಏರ್ಪಾಡು ಮಾಡಿದ ಗುರುತು ಎಲ್ಲಿದೆ?

ಆ ಪ್ರಶ್ನೆಗೆ ಎದೆಯುಬ್ಬಿಸಿ ಉತ್ತರ ಕೊಡುವ ವಸ್ತುವೊಂದು ಇಂಗ್ಲಿಷ್ ಕಾಲುವೆಯ ಆಚೆ ದಡದಲ್ಲಿದೆ. 1897ರಲ್ಲಿ ಪೂರ್ವ ಫ್ರಾನ್ಸಿನ ಕೊಲಿನ್ಯಿ ಎಂಬ ಊರಿನ ಹೊಲದಲ್ಲಿ ಕಂಚಿನ ಚೂರುಗಳು ಸಿಕ್ಕವು, ಜೊತೆಗೆ ಒಡೆದ ದೇವತಾಮೂರ್ತಿಯ ತುಂಡುಗಳು. ಜೋಡಿಸಿದಾಗ ಒಂದೂವರೆ ಮೀಟರ್ ಅಗಲದ ಫಲಕದ ಅರ್ಧದಷ್ಟು ಕಂಡಿತು. ಲಿಪಿ ಲ್ಯಾಟಿನ್, ಅಂಕಿಗಳು ರೋಮನ್, ಭಾಷೆ ಮಾತ್ರ ಗಾಲಿಷ್. ಬ್ರಿಟನ್ನಿನ ಹಳೆಯ ಕೆಲ್ಟಿಕ್ ನುಡಿಗೆ ತೀರ ಹತ್ತಿರದ, ಈಗ ಸತ್ತುಹೋಗಿರುವ ಭಾಷೆ. ಕಾಲ ಕ್ರಿ.ಶ. ಎರಡನೆಯ ಶತಮಾನ. ಈಗ ಲಿಯೋನ್ ನಗರದ ಮ್ಯೂಸಿಯಂನಲ್ಲಿದೆ.

ಫಲಕದಲ್ಲಿ ಐದು ವರ್ಷಗಳ ಪ್ರತಿಯೊಂದು ದಿನವೂ ಇದೆ. ಪ್ರತಿ ದಿನದ ಪಕ್ಕ ಒಂದು ಸಣ್ಣ ತೂತು. ಅದರಲ್ಲಿ ಗೂಟ ಸಿಕ್ಕಿಸಿ, ದಿನ ಕಳೆದಂತೆ ಮುಂದಕ್ಕೆ ಸರಿಸುತ್ತಿದ್ದರು. ತಿಂಗಳಿಗೆ 30 ಅಥವಾ 29 ದಿನ. 30ರ ತಿಂಗಳಿಗೆ ಸಾಮಾನ್ಯವಾಗಿ ಒಂದು ಗುರುತು, 29ರದ್ದಕ್ಕೆ ಇನ್ನೊಂದು. ಮೊದಲನೆಯದು ‘ಒಳ್ಳೆಯದು’, ಎರಡನೆಯದು ‘ಒಳ್ಳೆಯದಲ್ಲ’ ಎಂದು ವಿದ್ವಾಂಸರು ಓದುತ್ತಾರೆ. ಪ್ರತಿ ತಿಂಗಳೂ ನಡುವೆ ಒಂದು ಶಿರೋನಾಮೆಯಿಂದ ಎರಡು ಹೋಳಾಗಿದೆ: ಮೊದಲರ್ಧ ಹದಿನೈದು ದಿನ, ಉಳಿದರ್ಧ ಹದಿನಾಲ್ಕೋ ಹದಿನೈದೋ. ಒಟ್ಟು 62 ತಿಂಗಳು. ಹನ್ನೆರಡೈದಲಿ ಅರುವತ್ತು, ಮೇಲೆ ಎರಡು ಅಧಿಕಮಾಸ. ಒಂದು ಚಕ್ರದ ಮೊದಲಿಗೆ, ಇನ್ನೊಂದು ಸರಿಯಾಗಿ ಎರಡೂವರೆ ವರ್ಷಕ್ಕೆ.

ಇಷ್ಟನ್ನು ಓದುವಾಗ ಪಂಚಾಂಗ ತಿರುವಿದ ಯಾವ ಕನ್ನಡಿಗನಿಗೂ ಮೈ ಜುಮ್ಮೆನ್ನುತ್ತದೆ. ಪಕ್ಷ ಇದೆ, ಶುಭಾಶುಭ ಇದೆ, ಅಧಿಕಮಾಸ ಇದೆ. ಸಂಖ್ಯೆಯಂತೂ ಇನ್ನೂ ಹತ್ತಿರ. ಲಗಧನ ಹೆಸರಿನ ವೇದಾಂಗ ಜ್ಯೋತಿಷದಲ್ಲಿ ಐದು ವರ್ಷದ ಯುಗಕ್ಕೆ 1,830 ದಿನ, 62 ಚಾಂದ್ರಮಾಸ, ಅವುಗಳಲ್ಲಿ ಎರಡು ಅಧಿಕ. ಕೌಟಿಲ್ಯನ ಅರ್ಥಶಾಸ್ತ್ರ ದೇಶಕಾಲಗಳ ಮಾನ ಹೇಳುವ ಅಧ್ಯಾಯದಲ್ಲಿ ಇದನ್ನೇ ಹೇಳುತ್ತದೆ: ಎರಡೂವರೆ ವರ್ಷಕ್ಕೊಂದು ಅಧಿಕಮಾಸ, ಐದು ವರ್ಷದ ಕೊನೆಗೆ ಇನ್ನೊಂದು. ಈ ಎರಡು ಗ್ರಂಥಗಳನ್ನೂ ಆಧುನಿಕ ಓದುಗರ ಕೈಗಿಟ್ಟವರಲ್ಲಿ ನಮ್ಮ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಮುಖ್ಯರು. ಅರ್ಥಶಾಸ್ತ್ರವನ್ನು 1909ರಲ್ಲಿ ಪ್ರಕಟಿಸಿದ ಅವರು 1936ರಲ್ಲಿ ವೇದಾಂಗ ಜ್ಯೋತಿಷವನ್ನೂ ಮೈಸೂರಿನಿಂದ ಸಂಪಾದಿಸಿ ಹೊರತಂದರು.

ಇಲ್ಲಿಯೇ ಎಚ್ಚರ ಬೇಕಾಗಿರುವುದು. ಈ ಹೋಲಿಕೆ ಕಂಡ ಕೂಡಲೇ ‘ಎಲ್ಲವೂ ನಮ್ಮಿಂದಲೇ ಹೋದದ್ದು’ ಎನ್ನುವವರಿದ್ದಾರೆ. ಕೆಲ್ಟಿಕ್ ಭಾಷೆಗಳೂ ಸಂಸ್ಕೃತವೂ ಒಂದೇ ಭಾಷಾ ಕುಟುಂಬದವು, ಆದ್ದರಿಂದ ಪಂಚಾಂಗವೂ ಒಂದೇ ಮನೆಯದು ಎನ್ನುವವರಿದ್ದಾರೆ. ಭಾಷೆಗಳ ನಂಟು ನಿಜ. ಪಂಚಾಂಗದ ನಂಟಿಗೆ ಅದು ಸಾಕ್ಷಿಯಾಗುವುದಿಲ್ಲ. ಆಕಾಶ ಎಲ್ಲರಿಗೂ ಒಂದೇ. ಚಂದ್ರ ಸೂರ್ಯರನ್ನು ಹೊಂದಿಸಲು ಹೊರಟ ಯಾರಿಗೂ ಸಿಗುವ ಸಣ್ಣ ಸಂಖ್ಯೆಗಳು ಬೆರಳೆಣಿಕೆಯಷ್ಟು: ಐದು ವರ್ಷಕ್ಕೆ ಎರಡು ತಿಂಗಳು, ಎಂಟಕ್ಕೆ ಮೂರು, ಹತ್ತೊಂಬತ್ತಕ್ಕೆ ಏಳು. ಗ್ರೀಕರು ಎಂಟನ್ನೂ ಹತ್ತೊಂಬತ್ತನ್ನೂ ಬಳಸಿದರು, ಬಾಬಿಲೋನಿನವರು ಹತ್ತೊಂಬತ್ತನ್ನು. ಅವಶ್ಯಕತೆಯೇ ಕೊಡುವ ಉತ್ತರ ಇಬ್ಬರಲ್ಲೂ ಸಿಕ್ಕಿದರೆ ಅದರಿಂದ ಸಾಲವೂ ಸಾಬೀತಾಗದು, ರಕ್ತಸಂಬಂಧವೂ ಸಾಬೀತಾಗದು. ನಂಟು ಸಾಬೀತಾಗಬೇಕಾದರೆ ಅವಶ್ಯಕತೆಯಿಂದ ಹುಟ್ಟದ, ಹೀಗೂ ಇರಬಹುದಿತ್ತು ಹಾಗೂ ಇರಬಹುದಿತ್ತು ಎನ್ನುವಂಥ ಅಂಶಗಳು ಹೊಂದಬೇಕು: ತಿಂಗಳ ಹೆಸರು, ದಿನದ ದೇವತೆ, ವರ್ಷದ ಆರಂಭ. ವೇದಾಂಗ ಜ್ಯೋತಿಷದ ಬೆನ್ನೆಲುಬೇ 27 ನಕ್ಷತ್ರಗಳು. ಕೊಲಿನ್ಯಿ ಫಲಕದಲ್ಲಿ ಅವುಗಳ ಸುಳಿವಿಲ್ಲ. ಫಲಕದ ಮೊದಲ ತಿಂಗಳು ಸಮೋನಿಯೋಸ್ ಬೇಸಿಗೆಯದೋ ಚಳಿಗಾಲದ ಬಾಗಿಲಿನದೋ ಎಂಬ ಬಗ್ಗೆಯೇ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ.

ಆ ಐದು ವರ್ಷದ ಲೆಕ್ಕವೂ ದೋಷರಹಿತವಲ್ಲ, ಅಲ್ಲಿಯೂ ಇಲ್ಲಿಯೂ. 62 ಚಾಂದ್ರಮಾಸಕ್ಕೆ ಸುಮಾರು 1,830.9 ದಿನ, ಐದು ಸೌರವರ್ಷಕ್ಕೆ 1,826.2. ಪ್ರತಿ ಐದು ವರ್ಷಕ್ಕೂ ನಾಲ್ಕೂ ಮುಕ್ಕಾಲು ದಿನದಷ್ಟು ಹೆಚ್ಚು. ಮೂವತ್ತು ವರ್ಷಕ್ಕೆ ಅದು 28 ದಿನ, ಅಂದರೆ ಹೆಚ್ಚುಕಡಿಮೆ ಒಂದು ತಿಂಗಳು. ಮೂವತ್ತು ವರ್ಷಕ್ಕೊಮ್ಮೆ ಒಂದು ಅಧಿಕಮಾಸ ಕೈಬಿಟ್ಟರೆ ತಪ್ಪು ಒಂದೂವರೆ ದಿನಕ್ಕೆ ಇಳಿಯುತ್ತದೆ. ಡ್ರುಯಿಡರು ಚಂದ್ರನ ಆರನೆಯ ದಿನದಿಂದ ತಿಂಗಳನ್ನೂ ವರ್ಷವನ್ನೂ ಮೂವತ್ತು ವರ್ಷದ ಯುಗವನ್ನೂ ಎಣಿಸುತ್ತಾರೆಂದು ರೋಮಿನ ಪ್ಲಿನಿ ಬರೆದಿದ್ದಾನೆ. ಎರಡನ್ನೂ ಕೂಡಿಸಿ, ಅವರು ಹೀಗೆಯೇ ತಿದ್ದುತ್ತಿದ್ದರೆಂದು ಊಹಿಸಿದವರಿದ್ದಾರೆ. ಊಹೆ ಚೆನ್ನಾಗಿದೆ, ನನಗೆ ಪ್ರಿಯವೂ ಹೌದು. ಆದರೆ ಕಂಚಿನಲ್ಲಿ ಕೊರೆದಿರುವುದು ಐದೇ ವರ್ಷ. ಊಹೆಯನ್ನು ಊಹೆ ಎಂದೇ ಕರೆಯಬೇಕು.

ಆ ಫಲಕದ ಬಗ್ಗೆ ನನ್ನನ್ನು ಹೆಚ್ಚು ಕಾಡುವುದು ಅದರ ಕಾಲ. ರೋಮಿನ ಸೀಸರ್ ಗಾಲ್ ದೇಶವನ್ನು, ಅಂದರೆ ಇಂದಿನ ಫ್ರಾನ್ಸಿನ ಸೀಮೆಯನ್ನು, ಗೆದ್ದು ಇನ್ನೂರು ವರ್ಷ ದಾಟಿತ್ತು. ಅವನದೇ ಹೆಸರಿನ, 365 ಕಾಲು ದಿನದ ಕ್ಯಾಲೆಂಡರು ಸಾಮ್ರಾಜ್ಯದ ಕಚೇರಿಗಳಲ್ಲಿ ನಡೆಯುತ್ತಿತ್ತು. ಅದರ ನಡುವೆ ಯಾರೋ ಕುಳಿತು, ಗೆದ್ದವರ ಲಿಪಿಯಲ್ಲಿ ತಮ್ಮ ಭಾಷೆಯ ತಿಂಗಳುಗಳನ್ನು ಒಂದೊಂದಾಗಿ ಕಂಚಿಗೆ ಇಳಿಸಿದರು. ಡ್ರುಯಿಡರು ತಮ್ಮ ವಿದ್ಯೆಯನ್ನು ಬರೆದಿಡುವುದಿಲ್ಲ, ಕಂಠಪಾಠ ಮಾಡಿಸುತ್ತಾರೆ, ಕೆಲವರು ಇಪ್ಪತ್ತು ವರ್ಷ ಕಲಿಯುತ್ತಾರೆ ಎಂದು ಸೀಸರನೇ ಹೇಳಿದ್ದಾನೆ. ಬಾಯಿಂದ ಬಾಯಿಗೆ ಹೋಗುತ್ತಿದ್ದುದು ಅಳಿಯುವ ಭಯ ಬಂದಾಗ ಬರವಣಿಗೆಯ ಆಸರೆ ಬೇಕಾಯಿತೇನೋ. ಬ್ರಿಟನ್ನಿನಲ್ಲಿ ಹಾಗೆ ಬರೆದಿಟ್ಟ ಕಂಚಿನ ಪಂಚಾಂಗ ಸಿಕ್ಕಿಲ್ಲ. ಅಲ್ಲಿನ ಡ್ರುಯಿಡರ ವಿದ್ಯೆ ಅವರೊಂದಿಗೇ ಹೋಯಿತು.

ಹೋದ ವಿದ್ಯೆಯ ಜಾಗ ಖಾಲಿ ಉಳಿಯಲಿಲ್ಲ. ವೇಲ್ಸ್‌ನ ಕಲ್ಲುಕುಟಿಗ ಕವಿ ಇಯೊಲೊ ಮೊರ್ಗಾನುಗ್ 1792ರಲ್ಲಿ ಲಂಡನ್ನಿನ ಪ್ರಿಮ್‌ರೋಸ್ ಹಿಲ್ ಮೇಲೆ ಕಲ್ಲುಗಳ ವೃತ್ತ ಹಾಕಿ ‘ಪ್ರಾಚೀನ’ ಕವಿಸಭೆ ನಡೆಸಿದ. ಅದಕ್ಕೆ ಆಧಾರವೆಂದು ಅವನು ತೋರಿಸಿದ ಹಳೆಯ ಕಾಗದಗಳಲ್ಲಿ ಬಹಳಷ್ಟು ಅವನೇ ಬರೆದವು. 1948ರಲ್ಲಿ ರಾಬರ್ಟ್ ಗ್ರೇವ್ಸ್ ಹದಿಮೂರು ಮರಗಳ ಹೆಸರಿನ ಹದಿಮೂರು ತಿಂಗಳ ‘ಕೆಲ್ಟಿಕ್ ಪಂಚಾಂಗ’ ಕಟ್ಟಿದ. ಅಂಥದ್ದು ಯಾವ ಕೆಲ್ಟಿಕ್ ಜನರಲ್ಲೂ ಇದ್ದುದಕ್ಕೆ ಸಾಕ್ಷ್ಯವಿಲ್ಲ, ಕೊಲಿನ್ಯಿಯ ಹೆಸರುಗಳಿಗಂತೂ ಅದು ಹೊಂದುವುದೇ ಇಲ್ಲ. ಇಂದು ‘ವರ್ಷಚಕ್ರ’ ಎಂದು ಪೂಜೆಗೊಳ್ಳುವ ಎಂಟು ಹಬ್ಬಗಳ ಜೋಡಣೆ 1950ರ ದಶಕದ್ದು. ಇಯೊಲೊನ ಕವಿಸಭೆ ವೇಲ್ಸ್ ಜನರಿಗೆ ಈಗ ಎರಡು ಶತಮಾನದ ನಿಜವಾದ ಸಂಪ್ರದಾಯ, ಅವರ ಭಾಷೆಗೆ ಅದು ಬಲ ಕೊಟ್ಟಿದೆ. ಅದನ್ನು ನಾನು ಹಗುರವಾಗಿ ನೋಡಲಾರೆ. ಆದರೆ ಇನ್ನೂರು ವರ್ಷವನ್ನು ಎರಡು ಸಾವಿರ ಎಂದರೆ, ಹಾಗೆ ಹೇಳಿದ ದಿನದಿಂದ ನಿಜವಾದ ಎರಡು ಸಾವಿರದ ಮಾತನ್ನು ಕೇಳುವವರಿಲ್ಲವಾಗುತ್ತಾರೆ.

ನಿಜವಾದ ಮಾತು ಎಂದರೆ ಹೇಗಿರುತ್ತದೆ? ಬೀಡ್ ಎಂಬ ಸಂನ್ಯಾಸಿಯ ಪುಸ್ತಕ ನೋಡಬೇಕು. ಈಶಾನ್ಯ ಇಂಗ್ಲೆಂಡಿನ ಜಾರೊ ಮಠದಲ್ಲಿದ್ದ ಆತ ಕ್ರಿ.ಶ. 725ರಲ್ಲಿ ಕಾಲಗಣನೆಯ ಬಗ್ಗೆ ಲ್ಯಾಟಿನ್ನಿನಲ್ಲಿ ಬರೆದ ಗ್ರಂಥದ ಒಂದು ಅಧ್ಯಾಯದಲ್ಲಿ ಕ್ರೈಸ್ತರಾಗುವ ಮೊದಲು ತನ್ನ ಜನ ಇಟ್ಟುಕೊಂಡಿದ್ದ ತಿಂಗಳುಗಳನ್ನು ದಾಖಲಿಸಿದ್ದಾನೆ. ಅವು ಚಾಂದ್ರಮಾಸಗಳು. ಮೇ ತಿಂಗಳ ಹೊತ್ತಿನದು ‘ಥ್ರಿಮಿಲ್ಚಿ’. ಹುಲ್ಲು ಸಮೃದ್ಧವಾಗಿ ಹಸುಗಳನ್ನು ದಿನಕ್ಕೆ ಮೂರು ಸಲ ಕರೆಯುತ್ತಿದ್ದ ಕಾಲ. ನವೆಂಬರಿನದು ‘ಬ್ಲೋಟ್‌ಮೋನತ್’, ಮೇವು ಮುಗಿಯುವ ಮೊದಲು ಕಡಿಯಬೇಕಾದ ದನಗಳನ್ನು ದೇವರಿಗೆ ಒಪ್ಪಿಸುವ ತಿಂಗಳು. ವರ್ಷಕ್ಕೆ ಎರಡೇ ಕಾಲ, ಬೇಸಿಗೆ ಮತ್ತು ಚಳಿಗಾಲ. ಅಕ್ಟೋಬರಿನ ಹುಣ್ಣಿಮೆಗೆ ಚಳಿಗಾಲ ಆರಂಭ. ನಾನು ಹುಡುಕುವ ಗುರುತೂ ಇಲ್ಲಿದೆ. ಜೂನ್ ಜುಲೈ ಎರಡಕ್ಕೂ ‘ಲೀಥಾ’ ಎಂದೇ ಹೆಸರು. ತಿಂಗಳು ಸೇರಿಸಬೇಕಾದ ವರ್ಷ ಬೇಸಿಗೆಯಲ್ಲಿ ಮೂರನೆಯ ಲೀಥಾ ಸೇರಿಸುತ್ತಿದ್ದರು, ಆ ವರ್ಷವನ್ನು ಮೂರು ಲೀಥಾಗಳ ವರ್ಷ ಎನ್ನುತ್ತಿದ್ದರು. ಬೀಡ್‌ಗೆ ಆ ಹಳೆಯ ದೇವರುಗಳ ಮೇಲೆ ನಂಬಿಕೆಯಿರಲಿಲ್ಲ. ಆದರೂ ಪ್ರಾಮಾಣಿಕವಾಗಿ ಬರೆದಿಟ್ಟ. ಹಾಲು, ಹುಲ್ಲು, ಕೊಲ್ಲುವ ದನ, ಹುಣ್ಣಿಮೆ: ಅನುಭವದ ಜ್ಞಾನ ಹೀಗೆ ಇರುತ್ತದೆ, ಮಂತ್ರದ ಗೂಢಾರ್ಥ ಹೊತ್ತು ಬರುವುದಿಲ್ಲ.

ಬಾಯಿಮಾತಿನ ಸಂಪ್ರದಾಯವನ್ನು ಹೇಗೆ ನಡೆಸಿಕೊಳ್ಳಬೇಕು ಎಂಬುದಕ್ಕೆ ಐರ್ಲೆಂಡಿನ ನ್ಯೂಗ್ರೇಂಜ್ ನನಗೆ ಮಾದರಿ. ಕ್ರಿ.ಪೂ. 3200ರ ಸುಮಾರಿನ ಸಮಾಧಿದಿಬ್ಬ ಅದು. ಒಳಗೆ 19 ಮೀಟರ್ ಉದ್ದದ ಕಲ್ಲಿನ ಓಣಿ, ಕೊನೆಗೆ ಕೋಣೆ. 1960ರ ದಶಕದಲ್ಲಿ ಅಗೆತ ನಡೆಸುತ್ತಿದ್ದ ಮೈಕಲ್ ಒಕೆಲಿಯವರಿಗೆ ನೋಡಲು ಬಂದವರು ಆಗಾಗ ಹೇಳುತ್ತಿದ್ದರಂತೆ, ಯಾವುದೋ ಒಂದು ಕಾಲದಲ್ಲಿ ಸೂರ್ಯ ಒಳಗಿನ ಸುರುಳಿಚಿತ್ರದ ಕಲ್ಲನ್ನು ಬೆಳಗುತ್ತಾನೆ ಎಂದು. ಬಾಗಿಲ ಮೇಲೆ ಕಲ್ಲಿನ ಗೂಡಿನಂಥ ವಿಚಿತ್ರ ಕಿಂಡಿಯೂ ಅಗೆತದಲ್ಲಿ ಸಿಕ್ಕಿತ್ತು. ಅವರು ಆ ಮಾತನ್ನು ನಂಬಿ ಬರೆಯಲಿಲ್ಲ, ಅಜ್ಜಿಕಥೆ ಎಂದು ತಳ್ಳಿಹಾಕಲೂ ಇಲ್ಲ. ಓಣಿ ಆಗ್ನೇಯಕ್ಕೆ ಮುಖ ಮಾಡಿದೆ, ಹಾಗಾದರೆ ಚಳಿಗಾಲದ ಅಯನ ಎಂದು ಯೋಚಿಸಿ, 1967ರ ಡಿಸೆಂಬರ್ 21ರ ಬೆಳಗಿನ ಜಾವ ಒಳಗೆ ಒಬ್ಬರೇ ಹೋಗಿ ಕುಳಿತರು. ಸೂರ್ಯ ಹುಟ್ಟಿದ ಕೆಲವು ನಿಮಿಷಕ್ಕೆ ಕಿಂಡಿಯಿಂದ ಬಂದ ಬೆಳಕಿನ ಕೋಲು ಓಣಿಯುದ್ದಕ್ಕೂ ಹರಿದು ಕೋಣೆಯ ನೆಲ ಮುಟ್ಟಿತು, 17 ನಿಮಿಷ ಇತ್ತು. ಆ ಮಾತು ಐದು ಸಾವಿರ ವರ್ಷದಿಂದ ಇಳಿದು ಬಂದದ್ದೆಂದು ಇದರಿಂದ ಸಾಧಿಸಲಾಗದು. ಕಟ್ಟಿದವರ ಉದ್ದೇಶ ಮಾತ್ರ ಸಾಧಿತವಾಯಿತು, ಯಾರು ಬೇಕಾದರೂ ಹೋಗಿ ನೋಡಬಹುದಾದ ರೀತಿಯಲ್ಲಿ.

ವಸ್ತುಗಳ ವಿಷಯದಲ್ಲಿ ನಮ್ಮ ಲೋಭ ಇನ್ನಷ್ಟು ಹಾನಿ ಮಾಡುತ್ತದೆ. ಜರ್ಮನಿಯ ನೆಬ್ರಾ ಬಳಿ 1999ರಲ್ಲಿ ನಿಧಿಗಳ್ಳರು ಲೋಹಶೋಧಕ ಹಿಡಿದು ಅಗೆದ ಕಂಚಿನ ತಟ್ಟೆಯ ಮೇಲೆ ಚಿನ್ನದ ಚಂದ್ರ, ನಕ್ಷತ್ರಗಳು, ಕೃತ್ತಿಕೆಯೆಂದು ಗುರುತಿಸುವ ಏಳು ಚುಕ್ಕಿಗಳ ಗುಂಪು ಇವೆ. ಅದರ ಚಿನ್ನವೂ ತವರವೂ ಬ್ರಿಟನ್ನಿನ ಕಾರ್ನ್‌ವಾಲ್ ಕಡೆಯವು ಎಂದು ಪರೀಕ್ಷೆಗಳು ತೋರಿಸಿವೆ. 2002ರಲ್ಲಿ ಬಾಸೆಲ್‌ನಲ್ಲಿ ಪೊಲೀಸರು ಅದನ್ನು ಹಿಡಿದರು. ಆದರೆ ಮಣ್ಣಿನಿಂದ ಕಿತ್ತ ಕ್ಷಣದಲ್ಲಿ ಹೋದ ಸಾಕ್ಷ್ಯ ತಿರುಗಿ ಬರಲಿಲ್ಲ. ಅದರ ಕಾಲದ ಬಗ್ಗೆ ವಿದ್ವಾಂಸರು 2020ರಲ್ಲಿಯೂ ಜಗಳವಾಡಬೇಕಾಯಿತು.

ತಿದ್ದಿಕೊಳ್ಳುವುದೇ ಪಂಚಾಂಗದ ಜೀವ ಎಂದ ಮೇಲೆ ಬ್ರಿಟನ್ನಿನ ಒಂದು ಮೊಂಡುತನವನ್ನೂ ಹೇಳಬೇಕು. ಸೀಸರನ ಹೆಸರಿನ ಆ ಜೂಲಿಯನ್ ಕ್ಯಾಲೆಂಡರಿನ ತಪ್ಪನ್ನು ರೋಮಿನ ಪೋಪ್ 1582ರಲ್ಲಿ ತಿದ್ದಿದಾಗ, ತಿದ್ದಿದವನು ಪೋಪ್ ಎಂಬ ಕಾರಣಕ್ಕೆ ಇಂಗ್ಲೆಂಡು 170 ವರ್ಷ ಒಪ್ಪಲಿಲ್ಲ. ಕೊನೆಗೆ 1752ರ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14 ಎಂದು ಘೋಷಿಸಬೇಕಾಯಿತು. ಹನ್ನೊಂದು ದಿನ ಕಳೆದುಕೊಂಡ ಜನ ದಂಗೆಯೆದ್ದರು ಎಂಬ ಕಥೆಗೆ ಇತಿಹಾಸಕಾರರು ಗಟ್ಟಿ ಆಧಾರ ಕಂಡಿಲ್ಲ. ಆದರೆ ಅಲ್ಲಿನ ತೆರಿಗೆಯ ವರ್ಷ ಇಂದಿಗೂ ಏಪ್ರಿಲ್ 6ಕ್ಕೆ ಆರಂಭವಾಗುವುದು ಆ ಬದಲಾವಣೆಯ ಉಳಿಕೆ.

ಅವರ ಮೊಂಡುತನ ಎತ್ತಿ ಆಡುವಾಗ ನಮ್ಮದನ್ನು ಮರೆಯುವಂತಿಲ್ಲ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ. ಉತ್ತರಾಯಣ ಪುಣ್ಯಕಾಲ ಎಂದು ನಾವು ಎಳ್ಳು ಬೀರುವುದು ಜನವರಿ 14 ಅಥವಾ 15ಕ್ಕೆ. ನಕ್ಷತ್ರಗಳನ್ನು ಹಿಡಿದ ನಿರಯಣ ಲೆಕ್ಕದಲ್ಲಿ ಮಕರ ಸಂಕ್ರಾಂತಿ ತನ್ನ ಜಾಗದಲ್ಲಿಯೇ ಇದೆ. ಸುಮಾರು 1,700 ವರ್ಷಗಳ ಹಿಂದೆ ಅದರ ಜೊತೆಗಿದ್ದ ಉತ್ತರಾಯಣ, 72 ವರ್ಷಕ್ಕೊಂದು ದಿನದಂತೆ ಸರಿದು ಮುಂಚೆಯೇ ಬಂದು ಹೋಗುತ್ತಿದೆ. ಮೇಘನಾದ ಸಾಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1955ರ ವರದಿಯಲ್ಲಿ ಇದನ್ನು ಬಿಡಿಸಿ ಹೇಳಿತು. 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗವೂ ಬಂದಿತು. ಸರ್ಕಾರಿ ಕಾಗದದ ಆಚೆಗೆ ಅದು ನಡೆಯಲಿಲ್ಲ. ಐದು ವರ್ಷಕ್ಕೆ ಎರಡು ತಿಂಗಳು ಸೇರಿಸಿ ತಮ್ಮ ಲೆಕ್ಕವನ್ನು ತಾವೇ ತಿದ್ದಿಕೊಂಡ ಹಿರಿಯರ ಹೆಸರು ಹೇಳುವ ನಮ್ಮ ಪಂಚಾಂಗಕರ್ತರು, ಸಂಕ್ರಾಂತಿಯ ಪುಟದಲ್ಲಿ ಉತ್ತರಾಯಣದ ನಿಜವಾದ ದಿನವನ್ನಾದರೂ ಪಕ್ಕದಲ್ಲಿ ಅಚ್ಚು ಹಾಕಲಿ. ಹಬ್ಬದ ದಿನ ಬದಲಾಗಬೇಕೇ ಬೇಡವೇ ಎಂಬ ಚರ್ಚೆಯನ್ನು ಓದುಗರೇ ಅಲ್ಲಿಂದ ಮುಂದುವರಿಸುತ್ತಾರೆ.